ಸೊನ್ನೆಗೆ ಬಂದ ಮುಳ್ಳು

ಗುಡ್ಡದ ಊರಿನಲ್ಲಿ ಎಲ್ಲರೂ ಒಂದು ಇಲ್ಲವೇ ಎರಡರ ಎಣಿಕೆ ಹೊತ್ತೇ ಹುಟ್ಟುತ್ತಿದ್ದರು. ತಂತಿಯ ಮೇಲೆ ಪೇಟೆಗಿಳಿಯುವ ತೊಟ್ಟಿಲು ಹತ್ತಿದರೆ, ಅದರ ಬಾಗಿಲ ಮೇಲಿನ ಗಡಿಯಾರದಂಥ ಬಿಲ್ಲೆಯ ಮುಳ್ಳು ಅಷ್ಟು ಮನೆ ಸರಿಯುತ್ತಿತ್ತು. ಸೊನ್ನೆ, ಒಂದು, ಎರಡು ಎಂಬ ಮೂರು ಮನೆಯ ಸುತ್ತು ಮುಗಿದು ಮತ್ತೆ ಸೊನ್ನೆಗೆ ಬಂದರಷ್ಟೇ ತೊಟ್ಟಿಲು ಹೊರಡುತ್ತಿತ್ತು.

ಮೂರು ಸೀಟಿನ ಎರಡೇ ತೊಟ್ಟಿಲು, ಬೆಳಿಗ್ಗೆ ಒಂದೇ ಓಟ. ಹಾಗಾಗಿ ಕೆಲಸಕ್ಕೆ ಹೋಗುವ ಆರು ಜನರಲ್ಲಿ ಒಂದರ ಎಣಿಕೆಯ ಮೂವರು ಒಂದು ತೊಟ್ಟಿಲಲ್ಲಿ, ಎರಡರ ಮೂವರು ಇನ್ನೊಂದರಲ್ಲಿ. ಎರಡರ ಮರಿಸ್ವಾಮಿ ಮದುವೆಯಾದಾಗಿನಿಂದ ಒಂದರ ಹೆಂಡತಿ ಶೈಲಜೆಯ ಪಕ್ಕ ಕೂತು ಇಳಿದೇ ಇರಲಿಲ್ಲ.

ಇವತ್ತು ಮೂರನೆಯ ತೊಟ್ಟಿಲು ಬಂದಿತ್ತು! ಅದೇ ಆರು ಜನ, ಈಗ ಒಂದು-ಎರಡರ ಮೂರು ಜೋಡಿ. ಮರಿಸ್ವಾಮಿ ಮಲ್ಲಿಗೆ ಮಾಲೆ ಹಿಡಿದೇ ಬಂದಿದ್ದ.

"ಬನ್ನಿ ಬೇಗ!" ಶೈಲಜೆ ಹತ್ತುತ್ತಲೇ ಕರೆದಳು. ಅವನೂ ಬೆನ್ನಿಗೇ ಹತ್ತಿದ. ಸೊನ್ನೆಗೆ ಬರಬೇಕಾದ ಮುಳ್ಳು ಎರಡರ ಮೇಲೆ ನಿಂತುಬಿಟ್ಟಿತು.

"ಇಳಿಯಪ್ಪ ಒಂದ್ಸಲ," ಎಂದರು ತೊಟ್ಟಿಲು ಬಿಡುವ ಇಬ್ರಾಹಿಂ ಸಾಬರು.

ಮುಖ ಊದಿಸಿಕೊಂಡು ಇಳಿದ. ಮುಳ್ಳು ಸೊನ್ನೆಗೆ ಬಂತು, ಬಾಗಿಲು ಮುಚ್ಚಿತು, ತೊಟ್ಟಿಲು ಹೊರಟೇಬಿಟ್ಟಿತು.

"ಅಯ್ಯೋ ಸಾಬ್ರೇ, ಒಬ್ಬಳೇ ಹೋದ್ಲಲ್ಲ!"

ಸಾಬರು ಗಹಗಹಿಸಿ ನಕ್ಕರು. "ಒಬ್ಬಳೇ ಎಲ್ಲಿ ಹೋದ್ಲಯ್ಯಾ?"

ಗಾಜಿನಾಚೆ ಶೈಲಜೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನಗುತ್ತಾ ಎರಡು ಬೆರಳು ಎತ್ತಿ ತೋರಿಸುತ್ತಿದ್ದಳು.

ಮರಿಸ್ವಾಮಿ ಮಾಲೆಯನ್ನು ಸಾಬರ ಕೊರಳಿಗೇ ಹಾಕಿ ಕುಣಿದ. "ಎರಡು, ಸಾಬ್ರೇ! ನನ್ನ ಥರಾನೇ ಎರಡು!"