ಕೆಂಚವ್ವನ ಮುಖ

“ಈ ಮೂಗು ಅಕಿದಲ್ಲ ಬಿಡೇ. ಇದು ಟಿವಿಯಾಗಿನ ಹುಡುಗೀದು.”

ಅಜ್ಜಿ ಹಾಗೆಂದದ್ದೇ ನೇತ್ರಾವತಿ ಎರಡು ಬೆರಳಿನಿಂದ ಟ್ಯಾಬಿನ ತೆರೆಯನ್ನು ತಟ್ಟಿದಳು. ಈಗಷ್ಟೇ ಬರೆದಿದ್ದ ಮೂಗು ಮಾಯವಾಯಿತು. ಮತ್ತೆ ತಟ್ಟಿದಳು, ತುಟಿಗಳೂ ಹೋದವು. ಬೆಳ್ಳಗಿನ ಬಯಲಲ್ಲಿ ಎರಡು ಕಣ್ಣುಗಳು ಮಾತ್ರ ಯಾರನ್ನೋ ಕಾಯುವಂತೆ ಉಳಿದವು. ಪಕ್ಕದಲ್ಲಿ ಅವಳ ಅಜ್ಜಿ ಉಚ್ಚೆಂಗೆಮ್ಮ ಹೋಳಿಗೆಗೆಂದು ಕಡಲೆಬೇಳೆ ಆರಿಸುತ್ತಿದ್ದಳು. ಹೊರಗೆ ನಿಟ್ಟುವಳ್ಳಿಯ ಮಧ್ಯಾಹ್ನ, ಆಟೊ ಕೂಡ ಓಡಾಡದಷ್ಟು ಬಿಸಿಲು. ಮರುದಿನವೇ ಹಿರಿಯರ ಹಬ್ಬ.

ಗೋಡೆಯ ಮೇಲೆ ಹಿರಿಯರ ಫೋಟೊಗಳು ಸಾಲಾಗಿದ್ದವು. ಆ ಸಾಲಿನಲ್ಲಿ ಕೆಂಚವ್ವ ಇರಲಿಲ್ಲ. ಉಚ್ಚೆಂಗೆಮ್ಮನ ಅಕ್ಕ ಅವಳು. ಲಂಗ ಉಡುವ ವಯಸ್ಸಿನಲ್ಲೇ ಹರಿಹರದ ಹೊಳೆಯಲ್ಲಿ ಮುಳುಗಿ ಹೋದವಳು. ಅವಳ ಫೋಟೊ ಯಾರೂ ತೆಗೆದಿರಲಿಲ್ಲ. ತವರಿನಲ್ಲಿ ಅವಳಿಗೆ ಎಡೆ ಇಡುವವರು ಯಾರೂ ಉಳಿಯದಿದ್ದಾಗ ಉಚ್ಚೆಂಗೆಮ್ಮ ಅಕ್ಕನನ್ನು ಈ ಮನೆಗೆ ಕರೆತಂದಿದ್ದಳು. ಪ್ರತಿ ವರ್ಷ ಹಿರಿಯರ ಹಬ್ಬದ ಅಮಾವಾಸ್ಯೆಗೆ ಫೋಟೊ ಇರಬೇಕಾದ ಜಾಗದಲ್ಲಿ ಒಂದು ತಂಬಿಗೆ ನೀರು, ಅದರ ಬಾಯಿಗೆ ವೀಳ್ಯದೆಲೆ. ಈ ಸಲ ನೇತ್ರಾವತಿ, ವಿಡಿಯೊ ನೋಡಿ ಟ್ಯಾಬಿನಲ್ಲಿ ಚಿತ್ರ ಬರೆಯಲು ಕಲಿಯುತ್ತಿದ್ದವಳು, “ತಂಬಿಗೆ ಬ್ಯಾಡಜ್ಜಿ, ನೀ ಹೇಳು, ನಾ ಬರೀತೀನಿ” ಎಂದು ಮಾತು ಕೊಟ್ಟುಬಿಟ್ಟಿದ್ದಳು.

“ಹಂಗಾರೆ ಮೂಗು ಹೆಂಗಿತ್ತು? ಉದ್ದಾನಾ, ಚಪ್ಪಟೆನಾ?”

“ಮೂಗಿನಂಗಿತ್ತು! ಅಕ್ಕನ ಮೂಗು ಯಾರು ಅಳ್ತಿ ತಗಂತಾರೆ?” ಅಜ್ಜಿ ನಕ್ಕಳು. ಆಮೇಲೆ ಬೇಳೆಯಲ್ಲಿ ಆಡುತ್ತಿದ್ದ ಅವಳ ಬೆರಳು ನಿಂತಿತು. “ನೇತ್ರಾ, ಸಾಕು ಮಾಡೇ. ನೀ ಬರದು ಬರದು ತೋರಿಸಿದಂಗೆಲ್ಲ ನನ್ ಕಣ್ಣಾಗಿರೋಳು ಹೊಂಟೋಗಾಕ ಹತ್ಯಾಳ. ನಿನ್ನೆ ಕನಸಿನಾಗೆ ಬಂದ್ಲು. ನೀ ಬರದ ಮುಖಾನೇ ಹಾಕ್ಕಂಡು ಬಂದಿದ್ಲು.”

ನೇತ್ರಾವತಿ ಟ್ಯಾಬನ್ನು ಮಡಿಲಿಗೆ ಇಳಿಸಿದಳು. ತೆರೆಯ ಮೇಲೆ ತಾನು ಅಳಿಸಿದ ಮುಖಗಳು ಅಜ್ಜಿಯೊಳಗೆ ಅಳಿಯದೆ ಒಂದರ ಮೇಲೊಂದು ಕೂರುತ್ತಿವೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

“ಇದೊಂದೇ ಅಜ್ಜಿ. ಇದೂ ಅಲ್ಲ ಅಂದ್ರೆ ತಂಬಿಗೇನೇ ಇಡಾಣ.”

ಈ ಸಲ ಅವಳು ಏನನ್ನೂ ಕೇಳಲಿಲ್ಲ. ಅಜ್ಜಿಯ ಮುಖವನ್ನೇ ನೋಡುತ್ತ, ಅದರಿಂದ ಸುಕ್ಕುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತ ಬರೆದಳು. ಹಣೆ, ಗಲ್ಲ, ಎರಡು ಜಡೆ. ವಿಡಿಯೊದಲ್ಲಿ ಹೇಳಿಕೊಟ್ಟಿದ್ದಂತೆ ಮೂಗಿನ ಪಕ್ಕ, ಕೆನ್ನೆಯ ಕೆಳಗೆ ಕಂದು ಬಣ್ಣದ ನೆರಳು ಬಳಿದಳು. ನೆರಳು ಗಡುಸಾಗಿ ಕಂಡಿತು. ಅದನ್ನು ಬೆರಳಿನಿಂದ ತೀಡಿ ಮೆತ್ತಗಾಗಿಸುವ ಬ್ರಷ್ ಆರಿಸಿಕೊಂಡಳು. ಅಷ್ಟರಲ್ಲಿ ಅಜ್ಜಿ ಬಗ್ಗಿ ನೋಡಿದಳು.

“ಯವ್ವಾ, ಮುಖದ ತುಂಬ ಮಸಿ ಏನೇ ಇದು?”

“ಮಸಿ ಅಲ್ಲಜ್ಜಿ, ನೆರಳು. ನೆರಳಿದ್ರೇನೆ ಮುಖ ದುಂಡಗೆ ಕಾಣ್ತೈತಿ.”

“ನೆರಳೋ ಬೂದಿಯೋ. ಮುಖ ತೊಳೀದೆ ಎಡೆ ಮುಂದೆ ಯಾರಾದ್ರೂ ಕುಂದ್ರಿಸ್ತಾರಾ?” ಉಚ್ಚೆಂಗೆಮ್ಮ ಪಕ್ಕದ ಚೊಂಬಿನಲ್ಲಿ ಸೆರಗಿನ ತುದಿ ಅದ್ದಿ, ಹಿಂಡಿ, ಅಳುವ ಮಗುವಿನ ಮುಖ ಒರೆಸುವ ಹಾಗೆ ಚಿತ್ರದ ಮುಖವನ್ನು ಎಡದಿಂದ ಬಲಕ್ಕೆ ಒರೆಸಿಬಿಟ್ಟಳು.

ತೀಡುವ ಬ್ರಷ್ ಒದ್ದೆ ಬಟ್ಟೆಯನ್ನೂ ಬೆರಳೆಂದೇ ಎಣಿಸಿತು; ಬಣ್ಣ ಕದಡಿತು. ಕಣ್ಣಿನ ಕಪ್ಪು ಕೆನ್ನೆಗಿಳಿಯಿತು. ಜಡೆಗಳು ಬಿಚ್ಚಿ ಪಾಚಿಯಂತೆ ಅಡ್ಡಡ್ಡ ಹರಿದವು. ತುಟಿ ಏನೋ ಹೇಳಲು ಹೋಗಿ ಅಲೆಯಾಯಿತು. ಬಟ್ಟೆಯಿಂದ ಉದುರಿದ ಎರಡು ಹನಿಗಳು ಗಾಜಿನ ಮೇಲೆ ನಿಂತು, ಕೆಳಗಿನ ಮುಖವನ್ನು ಸಣ್ಣಗೆ ನಡುಗಿಸಿದವು.

“ಅಯ್ಯೋ ಅಜ್ಜಿ!” ನೇತ್ರಾವತಿ ಎರಡು ಬೆರಳು ಎತ್ತಿದಳು. ತಟ್ಟಿದರೆ ಎಲ್ಲ ಮೊದಲಿನಂತಾಗುತ್ತಿತ್ತು.

ಅಜ್ಜಿ ಆ ಬೆರಳುಗಳನ್ನು ಗಾಳಿಯಲ್ಲೇ ಹಿಡಿದುಕೊಂಡಳು.

“ಮುಟ್ಬ್ಯಾಡ.” ಅವಳ ಧ್ವನಿ ಚಿಕ್ಕದಾಗಿತ್ತು, ಎಲ್ಲೋ ಹೊಳೆಯ ಆಚೆ ದಡದಿಂದ ಬಂದಂತೆ. “ಇಕಿನೇ. ಕಲ್ಲಿನ ಮ್ಯಾಲೆ ಬಗ್ಗಿ ನೋಡ್ದಾಗ ಹಿಂಗೇ ಇದ್ಲು. ನೀರಾಗೆ, ಒಂದೀಟೇ ಕೆಳಗೆ. ಕಣ್ಣು ಬಿಟ್ಕಂಡು. ನೀ ಇಷ್ಟು ದಿನ ನೀರಿನ ಮ್ಯಾಲಿನ ಮುಖ ಬರದಿ ನೋಡು, ಅದು ನಂಗೂ ಮರ್ತು ಹೋಗೈತೆ. ನಂಗೆ ಉಳಿದಿರೋದು ಇದೊಂದು.”

ಸಂಜೆ ಚಿತ್ರಕ್ಕೆ ಪ್ರಿಂಟ್ ಹಾಕಿಸಲು ಹೋದಾಗ ಫೋಟೊ ಸ್ಟುಡಿಯೊದ ಗುಲ್ಷನ್ ಕಂಪ್ಯೂಟರಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದ. “ಶೇಕ್ ಆಗೈತಲ್ರಿ ಮೇಡಂ. ಶಾರ್ಪ್ ಮಾಡಿ ಕೊಡ್ಲಾ?”

“ಬ್ಯಾಡ್ರಿ. ಹಂಗೇ ಇರ್ಲಿ.”

“ಹಿರಿಯರ ಫೋಟೊ ಅಂತೀರಿ, ಮುಖಾನೇ ಕಾಣಂಗಿಲ್ಲ.”

“ಕಾಣೋರಿಗೆ ಕಾಣ್ತೈತ್ರಿ,” ಎಂದಳು ನೇತ್ರಾವತಿ.

ಅಮಾವಾಸ್ಯೆಯ ದಿನ ಎಲ್ಲರ ಫೋಟೊ ಕೆಳಗಿಳಿದು, ಒರೆಸಿಕೊಂಡು, ಕುಂಕುಮ ಇಡಿಸಿಕೊಂಡು ಗೋಡೆಗೆ ಒರಗಿ ಕೂತಿತು. ಒಬ್ಬರ ಮುಂದೆ ಹೊಸ ಪಂಚೆ, ಒಬ್ಬರ ಮುಂದೆ ಸೀರೆ. ಕೊನೆಯಲ್ಲಿ ಕೆಂಚವ್ವ. ಅವಳ ಮುಂದೆ ನೇತ್ರಾವತಿ ಹಸಿರು ಲಂಗ ಮಡಿಸಿಟ್ಟಳು. ಅಭ್ಯಾಸಬಲದಿಂದ ಅವಳ ಕಣ್ಣು ಏನನ್ನೋ ಹುಡುಕಿತು.

“ಅಜ್ಜಿ, ತಂಬಿಗೆ?”

“ಇನ್ನೂ ಯಾಕೇ ನೀರು ಅಕಿಗೆ?”

ಉಚ್ಚೆಂಗೆಮ್ಮ ಹಿತ್ತಲಿಗೆ ಹೋದಳು. ತಂತಿಯ ಮೇಲೆ ಒಣಗಿದ್ದ ಟವೆಲೊಂದನ್ನು ಎಳೆದುಕೊಂಡು ಬಂದಳು. ಲಂಗವನ್ನು ತುಸು ಪಕ್ಕಕ್ಕೆ ಸರಿಸಿ, ಬಿಸಿಲಿನ ಕಾವು ಇನ್ನೂ ಆರದ ಆ ಟವೆಲನ್ನು ಅಕ್ಕನ ಕೈಗೆ ಎಟಕುವಂತೆ ಇಟ್ಟಳು.