ನಡೆದು ಬಂದ ದಿಬ್ಬಣ

ಲಾರಿ ಹಿಂದಕ್ಕೆ ಬಂದು ಚಪ್ಪರದ ಕಂಬ ಕೆಡವಿದಾಗ ಮದುವೆಗೆ ಬಂದವರೆಲ್ಲ ಹೋ ಎಂದು ನಕ್ಕರು. ಇಕ್ಕೇರಿಯ ಆ ಅಂಗಳದಲ್ಲಿ ನಗದೆ ನಿಂತವಳು ಮದುಮಗಳು ವರದಾ ಒಬ್ಬಳೇ. ಸ್ಟಿಯರಿಂಗ್ ಹಿಡಿದಿದ್ದವನು ಅವಳ ಮೈದುನ ಪುಟ್ಟಪ್ಪ. ಹದಿನೇಳು ತುಂಬಿಲ್ಲ, ಮೀಸೆ ಸರಿಯಾಗಿ ಮೂಡಿಲ್ಲ. ಹೆಸರಿಗೆ ಪಾನನಿರೋಧದ ಕಾಲ; ಊಟದ ಹೊತ್ತಿನಲ್ಲಿ ಗೆಳೆಯರ ಜೊತೆ ಹಿತ್ತಿಲಿಗೆ ಹೋದವನು ಕಳ್ಳಭಟ್ಟಿ ಏರಿಸಿಕೊಂಡೇ ಬಂದಿದ್ದ. ಅಣ್ಣನ ದಿಬ್ಬಣಕ್ಕೆ ಮನೆಯ ಲಾರಿಯನ್ನು ತಾನೇ ಬಿಡಬೇಕೆಂಬ ಹುಮ್ಮಸ್ಸು ಬೇರೆ.

ಲಾರಿಯ ಹಿಂಭಾಗದಲ್ಲಿ ಆಗಲೇ ಹೆಂಗಸರು, ಮಕ್ಕಳು, ವಾಲಗದವರು ಒತ್ತೊತ್ತಾಗಿ ಹತ್ತಿ ಕೂತಿದ್ದರು. ಮುಂದೆ ಮದುಮಕ್ಕಳಿಗೆ ಜಾಗ. ವರದಾ ಹತ್ತಲೆಂದು ಕಾಲಿಟ್ಟಳು. ವಾಸನೆ ಮೂಗಿಗೆ ಬಡಿಯಿತು. ಇಟ್ಟ ಕಾಲನ್ನು ಕೆಳಗಿಳಿಸಿದಳು.

"ಹತ್ತಿ ಅತ್ತಿಗೆ, ಗಾಳೀಲಿ ತೇಲಿಸ್ಕೊಂಡು ಹೋಗ್ತೀನಿ," ಎಂದ ಪುಟ್ಟಪ್ಪ. ನಾಲಿಗೆ ತೊದಲುತ್ತಿತ್ತು.

"ನೀ ಕುಡ್ದಿದೀಯ. ನಾ ಹತ್ತಲ್ಲ."

ಅಂಗಳದಲ್ಲಿದ್ದವರು ಹುಬ್ಬೇರಿಸಿದರು. ತಾಳಿ ಕಟ್ಟಿಸಿಕೊಂಡು ಅರ್ಧ ದಿನ ಆಗಿಲ್ಲ, ಆಗಲೇ ಹೆಣ್ಣು ಬಾಯಿ ಬಿಟ್ಟಳು! ಅವಳ ಅಪ್ಪ ಭೂತಪ್ಪ ಬಿಳಿಚಿಕೊಂಡ. ಮದುಮಗ ಬೆಳ್ಳಪ್ಪ, "ಮದ್ವೆ ದಿನ ಹುಡುಗ್ರು ಒಂಚೂರು ಕುಡೀತಾರೆ ಮಾರಾಯ್ತಿ. ಮರ್ಯಾದೆ ಕಳೀಬೇಡ, ಹತ್ತು," ಎಂದು ದೂರದಿಂದಲೇ ಕೂಗಿದ.

ಹತ್ತದಿದ್ದರೆ ಮೊದಲ ದಿನವೇ ಗಂಡನ ಮನೆಯವರ ಕಣ್ಣಿಗೆ ಕೆಟ್ಟವಳು. ಹತ್ತಿದರೆ, ದಾರಿಯ ಕೆರೆ ಏರಿಯ ತಿರುವಿನಲ್ಲಿ ಅಷ್ಟೂ ಮಕ್ಕಳು ನೀರುಪಾಲು. ವರದಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಗಂಡನ ಊರಿನ ದಾರಿ ಹಿಡಿದು ನಡೆದೇಬಿಟ್ಟಳು.

ಮದುಮಗಳನ್ನು ಹಿಂದೆ ಹಾಕಿ ದಿಬ್ಬಣ ಮುಂದೆ ಹೋಗುವಂತಿಲ್ಲ, ಅದು ಆ ಕಡೆಯ ಕಟ್ಟಳೆ. ಲಾರಿಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಮೊದಲು ಇಳಿದವಳು ಅತ್ತೆ ಹುಲಿಯಮ್ಮ, ಊರಿಗೆ ಊರೇ ಹೆದರುವ ಹೆಂಗಸು. ಭೂತಪ್ಪ ಕೈ ಮುಗಿಯಲು ಓಡಿಬಂದ.

ಹುಲಿಯಮ್ಮ ಅವನ ಕಡೆ ತಿರುಗಲೇ ಇಲ್ಲ. "ಎಂತ ನೋಡ್ತಾ ಕೂತೀರ? ಇಳೀರಿ! ಹೆಣ್ಣು ಹೊಂಟಾಯ್ತು, ವಾಲಗ ಊದ್ರಿ!"

ಲಾರಿ ಅಲ್ಲೇ ಉಳಿಯಿತು, ದಿಬ್ಬಣ ಹೊರಟಿತು. ಏರಿಯ ಮೇಲೆ ವಾಲಗ ಮೊಳಗಿದ ಭರಕ್ಕೆ ಗದ್ದೆಯಲ್ಲಿದ್ದವರೆಲ್ಲ ಕೆಲಸ ಬಿಟ್ಟು ಓಡಿಬಂದರು. ಇಂಥ ಮೆರವಣಿಗೆ ಯಾವ ಜಮೀನ್ದಾರನ ಮಗಳಿಗೂ ಆಗಿರಲಿಲ್ಲ! ಮಕ್ಕಳು ಕುಣಿಯುತ್ತ ಮುಂದೆ, ಚರಂಡಿ ಕಂಡಲ್ಲೆಲ್ಲ ವಾಂತಿ ಮಾಡಿಕೊಳ್ಳುತ್ತ ಪುಟ್ಟಪ್ಪ ಎಲ್ಲರಿಗಿಂತ ಹಿಂದೆ. ವರದಾಳ ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು. ಆದರೂ ಅವಳಿಗೆ ಹಿಗ್ಗೋ ಹಿಗ್ಗು.

ಗಂಡನ ಮನೆಯ ಹೊಸ್ತಿಲ ಬಳಿ ಹುಲಿಯಮ್ಮ ಎಲ್ಲರನ್ನೂ ನಿಲ್ಲಿಸಿದಳು. ಪುಟ್ಟಪ್ಪನ ಜೇಬಿಗೆ ಕೈ ಹಾಕಿ ಲಾರಿಯ ಬೀಗದ ಕೈ ಎಳೆದು, ಸೊಸೆಯ ಸೆರಗಿಗೆ ಗಂಟು ಹಾಕಿದಳು.

"ಇನ್ಮೇಲೆ ಲಾರಿ ಬೇಕಾದೋರು ಇವ್ಳ ಮುಂದೆ ಬಾಯಿ ತೆಗ್ದು ಉಸ್ರು ಬಿಟ್ಟು ಕೇಳ್ಬೇಕು. ತಮ್ಮ ಆದ್ರೂ ಸೈ, ಅಣ್ಣ ಆದ್ರೂ ಸೈ."

ಏನೋ ಹೇಳಹೊರಟಿದ್ದ ಬೆಳ್ಳಪ್ಪ ಪಟಕ್ಕನೆ ಬಾಯಿ ಮುಚ್ಚಿಕೊಂಡ.