ಎರಡನೇ ಗುದ್ದು

ಈರೇಶ್ ಆಫೀಸಿಗೆ ಹೊರಡಲೆಂದು ಕಾರನ್ನು ಗೇಟಿನಿಂದ ಹಿಂದಕ್ಕೆ ತೆಗೆದವನು, ಓಣಿಯಲ್ಲಿ ನಿಂತಿದ್ದ ಮನೆ ಓನರ್ ಲಕ್ಷ್ಮಮ್ಮನವರ ಹೊಸ ಕಾರಿಗೆ ಹೋಗಿ ಗುದ್ದಿದ. ರಿವರ್ಸ್ ಸೆನ್ಸರ್ ಕೂಗುತ್ತಲೇ ಇತ್ತು. ಅವನು ಫೋನಿನಲ್ಲಿ ಜೂನಿಯರ್ ಒಬ್ಬನಿಗೆ, "ವಾರ್ನಿಂಗ್ ಬಂದ್ರೂ ಯಾಕೆ ಗಮನಿಸಲ್ಲ ನೀವು?" ಎಂದು ಬಯ್ಯುತ್ತಿದ್ದ. ಇಳಿದು ನೋಡಿದರೆ ಅವರ ಕಾರಿನ ಮುಂಬಾಗಿಲು ತಟ್ಟೆಯ ಹಾಗೆ ತಗ್ಗಾಗಿತ್ತು. ಇವನ ಹಿಂದಿನ ಬಂಪರ್ ಒಂದು ಕಡೆ ಜೋತುಬಿದ್ದಿತ್ತು. ವರ್ತೂರಿನ ಆ ಓಣಿಯಲ್ಲಿ ಆ ಹೊತ್ತಿಗೆ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ನಾಯಿ ತಲೆಯೆತ್ತಿ ನೋಡಿ ಮತ್ತೆ ಮಲಗಿತು. ಈರೇಶ್ ಕಾರು ಹತ್ತಿ ಹೊರಟುಬಿಟ್ಟ.

ಕುಂದಲಹಳ್ಳಿ ಸಿಗ್ನಲ್ಲಿನ ಜ್ಯಾಮಿನಲ್ಲಿ ಸಿಕ್ಕಿಕೊಂಡಾಗ ಇನ್ಶೂರೆನ್ಸ್ ನೆನಪಾಯಿತು. ಕ್ಲೇಮ್ ಮಾಡಿದರೆ ಎಲ್ಲಾಯ್ತು, ಹೇಗಾಯ್ತು, ಯಾರ ಕಾರಿಗೆ ಎಂದು ಕೇಳುತ್ತಾರೆ. ಮನೆ ಮುಂದೆಯೇ ಬಂದು ಫೋಟೋ ತೆಗೆಯುತ್ತಾರೆ. ಲಕ್ಷ್ಮಮ್ಮ ಮಹಡಿಯಿಂದ ಬಗ್ಗಿ ನೋಡುತ್ತಾರೆ. ಮಾಡದಿದ್ದರೆ ಪ್ರೀಮಿಯಂ ಇಳಿಸುವ ನೋ ಕ್ಲೇಮ್ ಬೋನಸ್ ಉಳಿಯುತ್ತದೆ, ‘ನಮ್ಮ ಬಾಡಿಗೆಯವರು ಬಂಗಾರದಂಥವರು’ ಎಂಬ ಹೆಸರೂ ಉಳಿಯುತ್ತದೆ. ಜ್ಯಾಮ್ ಕರಗುವಷ್ಟರಲ್ಲಿ ಅವನು ತನ್ನ ಹೇಡಿತನಕ್ಕೆ ವ್ಯವಹಾರಜ್ಞಾನ ಎಂದು ಹೆಸರಿಟ್ಟು, ಕ್ಲೇಮ್ ಮಾಡುವುದಿಲ್ಲವೆಂದು ತೀರ್ಮಾನಿಸಿದ್ದ.

ಸಂಜೆ ಬಂದು ಗೇಟಿನೊಳಗೆ ಕಾರು ನಿಲ್ಲಿಸಿ, ಬಂಪರ್ ಕಾಣದಂತೆ ಹೊದಿಕೆ ಎಳೆಯುತ್ತಿದ್ದಾಗ ಓಣಿಯಿಂದ ಲಕ್ಷ್ಮಮ್ಮನವರ ದನಿ ಕೇಳಿಸಿತು. ಓಣಿಗೆಲ್ಲ ನೀರು ಹಾಕುವ ಟ್ಯಾಂಕರ್ ಹನುಮಯ್ಯ ಅವರ ಮುಂದೆ ತಲೆ ತಗ್ಗಿಸಿ ನಿಂತಿದ್ದ.

"ಬೆಳಗ್ಗೆ ಇಲ್ಲಿ ಗಾಡಿ ತಿರುಗ್ಸಿದೋನು ನೀನೊಬ್ನೇ. ನಾಳೆಯಿಂದ ಈ ಓಣಿಗೆ ಕಾಲಿಡ್ಬೇಡ."

"ತಾಯಾಣೆ ನಾನಲ್ಲ ಕಣಕ್ಕಾ."

"ಮತ್ತೆ ಕಾರು ತನ್ನಷ್ಟಕ್ಕೆ ತಾನೇ ಗುದ್ದುಸ್ಕೊಂತಾ?"

ಹನುಮಯ್ಯ ಟ್ಯಾಂಕರಿನ ಪೈಪನ್ನು ಸುತ್ತತೊಡಗಿದ. ಈ ಓಣಿ ಕೈತಪ್ಪಿದರೆ ಅವನ ದುಡಿಮೆಯಲ್ಲಿ ಅರ್ಧ ಹೋದಂತೆ. ಅದು ಈರೇಶನಿಗೂ ಗೊತ್ತಿತ್ತು. ಅವನು ಮೆಲ್ಲಗೆ ಮೆಟ್ಟಿಲವರೆಗೆ ಹೋದ. ಒಂದು ಮೆಟ್ಟಿಲು ಹತ್ತಿದ. ಮತ್ತೆ ಇಳಿದು ಬಂದ. ತನ್ನಲ್ಲಿ ಇಷ್ಟಾದರೂ ಧೈರ್ಯ ಇದೆಯಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು. ಅದು ಬೆಳಗ್ಗೆಯೇ ಬಂದಿದ್ದರೆ ಇನ್ನೂ ಚೆನ್ನಾಗಿತ್ತು.

"ಅಮ್ಮಾ, ಅವನನ್ನ ಬಯ್ಬೇಡಿ. ಬೆಳಗ್ಗೆ ರಿವರ್ಸ್ ತಗೊಳ್ಳುವಾಗ ಗುದ್ದಿದ್ದು ನಾನು."

ಲಕ್ಷ್ಮಮ್ಮ ಅವನನ್ನು ಕನಿಕರದಿಂದ ನೋಡಿದರು. "ನೀವು ಸುಮ್ಕಿರಿ ಸಾರ್. ಅವನ ಮಖ ನೋಡಿ ನಿಮ್ಗೆ ಕಳ್ಳು ಚುರುಕ್ ಅಂದೈತೆ. ಅಂಗಂತ ಮಾಡ್ದೇ ಇರೋದ್ನ ಮೈಮ್ಯಾಲೆ ಎಳ್ಕೊಂತಾರಾ?"

"ಇಲ್ಲಮ್ಮ, ಬೇಕಾದ್ರೆ ನನ್ನ ಬಂಪರ್ ನೋಡಿ." ಈರೇಶ್ ಹೊದಿಕೆ ಸರಿಸಿದ.

ಅವರು ಬಗ್ಗಿ ನೋಡಿದರು. ನೋಡಿ, ಹನುಮಯ್ಯನ ಕಡೆ ಇನ್ನೂ ಸಿಟ್ಟಿನಿಂದ ತಿರುಗಿದರು. "ಅಯ್ಯೋ ಪಾಪಿ, ಸಾರ್ ಕಾರನ್ನೂ ಬಿಡ್ಲಿಲ್ವಾ ನೀನು?"

ಹನುಮಯ್ಯ ಪೈಪು ಕೆಳಗಿಟ್ಟು ಈರೇಶನಿಗೆ ಕೈಮುಗಿದ. "ನನಗೋಸ್ಕರ ಸುಳ್ಳು ಏಳ್ತಿದೀರಾ ಸಾರ್. ನೀವು ದೇವ್ರಂಥೋರು." ಅವನ ಕಣ್ಣಲ್ಲಿ ನೀರಿತ್ತು. ಬೆಳಗ್ಗೆ ಗುದ್ದಿ ಓಡಿಹೋದವನು ಸಂಜೆಯ ಹೊತ್ತಿಗೆ ದೇವರಾಗಿದ್ದ. ಇಷ್ಟು ದಿನ ಮೆತ್ತಗೆ ಮಾತಾಡಿ, ಸಿಕ್ಕವರಿಗೆಲ್ಲ ನಮಸ್ಕಾರ ಹೇಳಿ ಗಳಿಸಿದ ಒಳ್ಳೆಯ ಹೆಸರು ಇಂಥ ಹೊತ್ತಿನಲ್ಲಿ ಹೀಗೆ ಕೈಕೊಡುತ್ತದೆ ಎಂದು ಈರೇಶ್ ಎಣಿಸಿರಲಿಲ್ಲ.

"ಇರಿ, ಮಾಡಿಯೇ ತೋರಿಸ್ತೀನಿ," ಎಂದು ಕಾರು ಹತ್ತಿದ. "ಬೆಳಗ್ಗೆ ಬಂದ ಹಾಗೇ ಹಿಂದಕ್ಕೆ ಬರ್ತೀನಿ. ಹತ್ರ ಬಂದು ನಿಲ್ಲಿಸ್ತೀನಿ. ನನ್ನ ಬಂಪರ್ರಿಗೂ ಬಾಗಿಲ ತಗ್ಗಿಗೂ ಸರಿಹೋಗುತ್ತೋ ಇಲ್ವೋ, ಎಲ್ಲರೂ ನೋಡ್ಕೊಳಿ." ಅಷ್ಟರಲ್ಲಿ ಅಕ್ಕಪಕ್ಕದವರೂ ಸೇರಿದ್ದರು. ಹನುಮಯ್ಯ ಅಭ್ಯಾಸಬಲದಿಂದ ಹಿಂದೆ ನಿಂತು, "ಬರ್ಲಿ, ಬರ್ಲಿ" ಎಂದು ಕೈಯಾಡಿಸಿದ. "ಸಾಕು" ಎಂದ. ಅಷ್ಟು ಜನರ ಕಣ್ಣು ತನ್ನ ಮೇಲಿದೆ ಎಂಬ ಗಾಬರಿಯಲ್ಲಿ ಈರೇಶನ ಕಾಲು ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿತು.

ಈ ಸಲ ಶಬ್ದ ಜೋರಾಗಿಯೇ ಬಂತು. ಮುಂಬಾಗಿಲ ತಗ್ಗಿನ ಪಕ್ಕದಲ್ಲೇ, ಹಿಂಬಾಗಿಲ ಮೇಲೆ, ಅದೇ ಅಚ್ಚಿನ ಇನ್ನೊಂದು ತಗ್ಗು ಬಿದ್ದಿತ್ತು. ಲಕ್ಷ್ಮಮ್ಮ ಒಂದರ ಮೇಲೆ ಕೈಯಿಟ್ಟು ನೋಡಿದರು, ಇನ್ನೊಂದರ ಮೇಲೂ ಇಟ್ಟು ನೋಡಿದರು.

"ನೀವೇಯಾ," ಎಂದರು ಸಣ್ಣ ದನಿಯಲ್ಲಿ. ಆಮೇಲೆ ಹನುಮಯ್ಯನ ಮುಖ ನೋಡದೆ, "ನಾಳೆ ಮಾಮೂಲಿನಂಗೆ ನೀರು ತಂದಾಕ್ಬಿಡು. ಕಾಫಿ ಕುಡ್ಕೊಂಡೋಗು," ಎಂದರು.

ಕ್ಲೇಮ್ ಮಾಡಬೇಕೋ ಬೇಡವೋ ಎಂದು ಯೋಚಿಸಲು ಈಗ ಏನೂ ಉಳಿದಿರಲಿಲ್ಲ. ಈರೇಶ್ ಅಲ್ಲೇ ನಿಂತು ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ. ಇನ್ನು ಮುಚ್ಚಿಡುವುದು ಬೇಡವೆಂದು ನಿರ್ಧರಿಸಿದ್ದ. ಅತ್ತ ಕಡೆಯ ಹುಡುಗಿ ನಯವಾಗಿ ವಿಚಾರಿಸಿಕೊಂಡಳು. ಕೊನೆಗೆ, "ಇದು ಆಕಸ್ಮಿಕವಾಗಿ ಆಗಿದ್ದು ತಾನೆ ಸಾರ್? ಬೇಕಂತಲೇ ಮಾಡಿದ್ರೆ ಕ್ಲೇಮ್ ಬರಲ್ಲ. ನೋಡಿದೋರು ಯಾರಾದ್ರೂ ಇದಾರಾ?" ಎಂದಳು.

ಈರೇಶ್ ಬಾಯಿ ತೆರೆಯುವ ಮೊದಲೇ ಲಕ್ಷ್ಮಮ್ಮ ಫೋನು ತಮ್ಮ ಕಡೆ ಎಳೆದುಕೊಂಡರು. ಏನೇ ಆದರೂ ತಮ್ಮ ಬಾಡಿಗೆಯವರನ್ನು ಬಿಟ್ಟುಕೊಡುವವರಲ್ಲ ಅವರು.

"ನಾನೇ ನೋಡಿವ್ನಿ ಕಣಮ್ಮ. ಇವ್ರ ಮ್ಯಾಲೆ ಏನೂ ತಪ್ಪಾಕ್ಬೇಡ, ಬಾಳ ಒಳ್ಳೇವ್ರು. ಎಲ್ರೂ ನೋಡ್ಕೊಳಿ ಅಂತ ಮೊದ್ಲೇ ಏಳ್ಬಿಟ್ಟೇ ಗುದ್ದಿದ್ರು."